ಹೆಸರು ಕೂಗುವ ನೇರಳೆ

ಮರಗಳಿಗೆ ಬಾಯಿದ್ದ ಕಾಲದಲ್ಲಿ ಬೆಟ್ಟದ ಮೇಲೊಂದು ಉದ್ಯಾನವಿತ್ತಂತೆ. ಅಲ್ಲಿ ಯಾರಾದರೂ ತೊಗಟೆಯ ಮೇಲೆ ಹೆಸರು ಕೆತ್ತಿದರೆ, ಕೆತ್ತಿದವರೇ ಬಂದು ಅರಿಶಿನ-ಸಗಣಿ ಬಳಿಯುವ ತನಕ ಮರ ಆ ಹೆಸರನ್ನು ಕೂಗುತ್ತಲೇ ಇರುತ್ತಿತ್ತು. ಪ್ರವಾಸಿಗರಿಗೆ ಅದು ಗಿಳಿಗಳ ಗದ್ದಲದಷ್ಟೇ ಮಾಮೂಲು.

ಮಕ್ಕಳನ್ನು ಪ್ರವಾಸಕ್ಕೆ ಕರೆತಂದಿದ್ದ ಅಂಬುಜಾ ಟೀಚರ್ ಗೇಟಿನಲ್ಲೇ ಅವರ ಕೈವಾರಗಳನ್ನೆಲ್ಲ ಕಸಿದುಕೊಂಡು, "ಮರ ಕೆತ್ತೋರಿಗೆ ಮಾನ ಇರಲ್ಲ" ಎಂದಿದ್ದಳು. ನೇರಳೆ ಮರದ ತಿರುವಿನಲ್ಲಿ ಮಾತ್ರ ಅವಳ ಹೆಜ್ಜೆ ತಡವರಿಸಿತು.

"ಅಂಬುಜಾ! ಏ ಅಂಬುಜಾ!" ಎಂದಿತು ಮರ.

ಮಕ್ಕಳು ಕಿಸಕ್ಕನೆ ನಕ್ಕರು. "ಮಿಸ್, ನಿಮ್ಮನ್ನೇ ಕರೀತಿದೆ!"

"ಬೇರೆ ಯಾವಳೋ ಇರಬೇಕು ಕಣ್ರೋ" ಎಂದವಳ ಕಿವಿ ಸುಡುತ್ತಿತ್ತು.

ಅರಿಶಿನ-ಸಗಣಿಯ ಬಾಂಡಲಿ ಹಿಡಿದು ಮರದ ಬುಡದಲ್ಲಿ ನಿಂತಿದ್ದ ಮುದುಕ ಮಾಲಿ ದ್ಯಾವಣ್ಣ ಅವಳನ್ನೇ ದಿಟ್ಟಿಸಿದ. "ನಾಳೆ ಬಂದು ಬಳಿತೀನಿ ತಾತ ಅಂದಿದ್ದೆಯಲ್ಲವ್ವ, ಎರಡು ಜಡೆಯೋಳು? ಹದಿನೆಂಟು ವರ್ಷ ಆದ್ಮೇಲೆ ಬೆಳಗಾಯ್ತಾ ನಿಂಗೆ?"

ಅಂಬುಜಾ ತಲೆಯೆತ್ತಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಬಾಂಡಲಿಗೆ ಕೈ ಹಾಕಿದಳು. "ಕೆತ್ತಿದ್ದು ನಾನೇ ಕಣ್ರೋ" ಎಂದು ಮಕ್ಕಳಿಗೆ ಹೇಳಿ ಬಳಿಯತೊಡಗಿದಳು. ಈಗ ಯಾರೂ ನಗಲಿಲ್ಲ. ಒಂದೊಂದೇ ಅಕ್ಷರ ಮುಚ್ಚಿದಂತೆಲ್ಲ ಕೂಗು ತಗ್ಗುತ್ತ ಬಂತು. ಕೊನೆಯದಕ್ಕೂ ಬಳಿದಾಗ ನೇರಳೆ ನಿಟ್ಟುಸಿರಿಟ್ಟು ಸುಮ್ಮನಾಯಿತು.