ಬೈಯಲು ಬರುವವಳು

“ಮನೆಹಾಳ! ನಿನ್ನ ಮುಸುಡಿಗಿಷ್ಟು ಬೆಂಕಿ ಹಾಕ!”

ಅತ್ತಿಗೆ ಇವತ್ತೂ ಬಂದಿದ್ದಳು. ಕತ್ತಲಲ್ಲಿ ಹಿಂದಿನ ಗೋಡೆಗೊರಗಿ ನಿಂತಿದ್ದ ನಟ ಹಲ್ಲು ಕಡಿದ.

ಸಭಾಂಗಣದ ನಡುವೆ ಅವನದೇ ಆಳೆತ್ತರದ ಹೊಲೊಗ್ರಾಮ್ ಬಿಂಬ ಖಳನ ಮೀಸೆ ಹೊತ್ತು ನಿಂತಿತ್ತು. ಪ್ರೇಕ್ಷಕರು ಪಾತ್ರಗಳ ನಡುವೆ ಓಡಾಡಿ ಮಾತಾಡಿಸಬಹುದಾದ ಸಿನಿಮಾ ಇದು; ಮಾತಾಡಿಸಿದರೆ ಪಾತ್ರ ಉತ್ತರಿಸುತ್ತದೆ. ಬಾಕಿಯವರೆಲ್ಲ ನಾಯಕನನ್ನು ಮುತ್ತಿಕೊಂಡಿದ್ದರು. ಅವನತ್ತ ಓಡುವ ಅವಸರದಲ್ಲಿ ಕೆಲವರು ಖಳನ ಮೈಯೊಳಗಿಂದಲೇ ಹಾದುಹೋದರು.

“ಬಾಯಿ ಮುಚ್ಚು, ಮುದುಕಿ,” ಎಂದಿತು ಬಿಂಬ.

“ಮುಚ್ಚಲ್ಲ ಕಣೋ! ಒಡಹುಟ್ಟಿದವನ ಮುಖ ಕೊನೇ ಸಲ ನೋಡೋಕೂ ಬರದವನು ನೀನು!”

ಅದು ಸಿನಿಮಾದ ಕಥೆಯಲ್ಲ. ವರ್ಷಗಳ ಹಿಂದೆ ಅಣ್ಣ ತೀರಿಕೊಂಡಾಗ ನಟ ಶೂಟಿಂಗ್ ಬಿಟ್ಟು ಹೋಗಿರಲಿಲ್ಲ. ಅಂದಿನಿಂದ ಅತ್ತಿಗೆ ಅವನೊಡನೆ ಮಾತು ಬಿಟ್ಟಿದ್ದಳು. ಈಗ ಬಿಂಬದ ಮೇಲೆ ಹಗೆ ತೀರಿಸಿಕೊಳ್ಳುತ್ತಿದ್ದಾಳೆ. ಗಂಟಲು ಕಟ್ಟಿದರೂ ಬಿಡಳು. ಫ್ಲಾಸ್ಕಿನ ಬಿಸಿನೀರು ಗುಟುಕರಿಸಿ ಮತ್ತೆ ಶುರು. ಬೈಗುಳ ಬಿದ್ದಷ್ಟೂ ಬಿಂಬ ಕೆಂಪೇರಿ ಹೊಳೆಯುತ್ತಿತ್ತು, ಕಪಾಳಕ್ಕೆ ಏಟು ತಿಂದವನಂತೆ.

ನಾಳೆ ನಿರ್ದೇಶಕಿ ಬರುತ್ತಾಳೆ. ಮುಂದಿನ ಚಿತ್ರಕ್ಕೆ ಯಾವ ಪಾತ್ರ ಉಳಿಯಬೇಕೆಂದು ತೀರ್ಮಾನಿಸುತ್ತಾಳೆ. ಇದು ಬಿಟ್ಟರೆ ಅವನ ಕೈಯಲ್ಲಿ ಬೇರೆ ಕೆಲಸವಿಲ್ಲ.

ಅವನು ಬಾಗಿಲು ಕಾಯುವವಳನ್ನು ಕರೆದ. “ಆ ಹೆಂಗಸನ್ನ ನಾಳೆ ಒಳಗೆ ಬಿಡಬೇಡ.”

“ಪಾಪ, ಒಂದು ಆಟವೂ ತಪ್ಪಿಸಿಲ್ಲ ಸಾರ್ ಅವರು.”

“ಅದಕ್ಕೇ ಬಿಡಬೇಡ ಅಂದಿದ್ದು.”

ಮರುದಿನ ಸಭಾಂಗಣ ತುಂಬಿತ್ತು. ಬೈಯುವವರಿರಲಿಲ್ಲ. ನಟ ನಿರ್ದೇಶಕಿಯ ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

ಸ್ವಲ್ಪ ಹೊತ್ತಿಗೆ ಅವನ ಬಿಂಬ ಮಸುಕಾಯಿತು. ಕೈ ಹೋಯಿತು, ಎದೆ ಹೋಯಿತು, ಕೊನೆಗೆ ಮೀಸೆ. ಸಿನಿಮಾ ಅವನಿಲ್ಲದೆಯೇ ಸಾಗಿತು. ಯಾರೊಬ್ಬರೂ ತಿರುಗಿ ನೋಡಲಿಲ್ಲ.

“ಮಿಷಿನ್ ಕೆಟ್ಟಿದೆ!” ಎಂದು ನಟ ಎದ್ದು ನಿಂತ.

“ಕೆಟ್ಟಿಲ್ಲ,” ಎಂದಳು ನಿರ್ದೇಶಕಿ, ಅವನತ್ತ ನೋಡದೆ. “ಯಾರೂ ಮಾತಾಡಿಸದ ಪಾತ್ರವನ್ನ ಅದೇ ಅಳಿಸಿಬಿಡುತ್ತೆ. ಬಾಗಿಲಲ್ಲೇ ಎಲ್ಲರಿಗೂ ಹೇಳ್ತೀವಿ. ನೀವು ಹಿಂಬಾಗಿಲಿಂದ ಬರೋರು. ಇರಲಿ, ನಿಮ್ಮ ಪಾತ್ರ ಇಲ್ಲಿಗೆ ಮುಗೀತು.”

ಅವನು ಹೊರಗೆ ಬಂದಾಗ ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದಳು. ಅವನನ್ನು ಕಂಡದ್ದೇ ದಡಬಡಿಸಿ ಎದ್ದಳು. ಇಷ್ಟು ವರ್ಷಗಳ ಮೇಲೆ ಮೊದಲ ಬಾರಿ ಅವನ ಮುಖ ನೋಡಿ, ಒಡೆದ ದನಿಯಲ್ಲಿ ಕೇಳಿದಳು:

“ನನ್ನನ್ನ ಒಳಗೇ ಬಿಡಲಿಲ್ಲ ಕಣೋ. ನನ್ನ ಬದಲು ಯಾರಾದರೂ ಬೈದರಾ?”