ಕೂತಲ್ಲಿ ಕೂರದ ಮಗು

ಇವತ್ತು ಡಾಕ್ಟರು ಏನಾದರೂ ದಾರಿ ತೋರಿಸದಿದ್ದರೆ ನಾಳೆ ಕವನಳ ಟಿ.ಸಿ. ಕೈಗೆ ಕೊಡುವುದಾಗಿ ಹೆಡ್‌ಮಿಸ್ಸು ಖಡಾಖಂಡಿತವಾಗಿ ಹೇಳಿದ್ದರು. ಎರಡನೇ ಕ್ಲಾಸಿನ ಮಗುವಿಗೆ ಟಿ.ಸಿ.! ತಾಯಿ ಇಂದ್ರಾಣಿಗೆ ಜೀವ ಬಾಯಿಗೆ ಬಂದಿತ್ತು. ಕವಲಂದೆಯಿಂದ ಬೇಗ ಹೊರಟಿದ್ದೇನೋ ನಿಜ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಓಡಿ, ಬಸ್ ತಪ್ಪಿಸಿಕೊಂಡು, ನಂಜನಗೂಡು ಆಸ್ಪತ್ರೆ ಸೇರುವಾಗ ಮಧ್ಯಾಹ್ನವಾಗಿತ್ತು.

ಮೊದಲು ತಾಯಿಯ ಹತ್ತಿರ ಮಾತಾಡಬೇಕು ಅಂದರು ಡಾಕ್ಟರು. ಮಗಳನ್ನು ಹೊರಗೆ ಕೂರಿಸಿ, ನೋಟ್‌ಬುಕ್ ತೋರಿಸಲೆಂದು ಅವಳ ಬ್ಯಾಗು ಹಿಡಿದು ಒಳಗೆ ಹೋದಳು.

ಮಿಸ್ಸು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದಳು. ಪಾಠದ ನಡುವೆ ಎದ್ದೆದ್ದು ಹೋಗಿ ಕಂಡವರನ್ನೆಲ್ಲ ಪೆನ್ಸಿಲ್ ಕೇಳುತ್ತದಂತೆ. ಕನ್ನಡದ ಪೀರಿಯಡ್ಡಿಗೆ ಗಣಿತದ ಪುಸ್ತಕ ತೆಗೆಯುತ್ತದಂತೆ. ದಿನಾ ಲೇಟು. ಡಬ್ಬಿ ತೆರೆದರೆ ನಿನ್ನೆಯ ಎಂಜಲು. ರಜಾ ದಿನ ಯೂನಿಫಾರ್ಮ್ ಹಾಕಿಕೊಂಡು ಗೇಟಿನ ಮುಂದೆ ನಿಂತಿತ್ತಂತೆ. ಅಯ್ಯೋ, ಇಂಥ ಮಗುವನ್ನು ಯಾವ ಸ್ಕೂಲು ಇಟ್ಟುಕೊಂಡೀತು?

"ಬ್ಯಾಗ್ ಯಾರು ತುಂಬೋದು?"

"ನಾನೇ ಸಾ. ಅದ್ರ ಕೈಲಿ ಏನಾಯ್ತದೆ?"

ಡಾಕ್ಟರು ನೋಟ್‌ಬುಕ್ ಮುಚ್ಚಿ ಅವಳ ಕಡೆ ತಿರುಗಿದರು. ಈ ತೊಂದರೆ ಮನೆತನದಲ್ಲೂ ಬರುವುದುಂಟು, ಬೇರೆ ಯಾರಿಗಾದರೂ ಇದೆಯೇ ಅಂದರು. ಗಂಡ ನಾಗೇಂದ್ರನ ಕಡೆಯವರ ಮೇಲೆ ಹಾಕಿ ಕೈ ತೊಳೆದುಕೊಂಡಳು. ಸರಿ, ಕೌಂಟರಿನಲ್ಲಿ ಮಗುವಿನ ಪರೀಕ್ಷೆಗೆ ಚೀಟಿ ಮಾಡಿಸಿ ಅಂದರು.

ಚೀಟಿ ಮಾಡಿಸುವಾಗಲೇ ನಾಗೇಂದ್ರನ ಫೋನು. ಡಾಕ್ಟರು ಏನಂದರು, ಟಿ.ಸಿ. ತಪ್ಪುತ್ತದೋ ಇಲ್ಲವೋ ಎಂದು ಅವನದೊಂದೇ ರಾಗ. ಉತ್ತರ ಕೊಡುತ್ತ, ಕಣ್ಣೊರೆಸಿಕೊಳ್ಳುತ್ತ ರಸ್ತೆಗೆ ಬಂದರೆ ಕವಲಂದೆ ಬಸ್ಸು ಆಗಲೇ ಹೊರಟಿತ್ತು. ಕೈ ಅಡ್ಡ ಹಾಕಿ ಹತ್ತಿದಳು. ಫ್ರೀ ಟಿಕೆಟ್‌ಗೆ ಆಧಾರ್ ಹುಡುಕಿದರೆ ಅದೂ ಇಲ್ಲ. ಕಂಡಕ್ಟರನ ಕೈಲಿ ಅನ್ನಿಸಿಕೊಂಡು ದುಡ್ಡು ತೆತ್ತಿದ್ದಾಯಿತು.

ಸೀಟಿನಲ್ಲಿ ಕೂತು, ಮಗಳ ಬ್ಯಾಗನ್ನು ಎದೆಗೊತ್ತಿಕೊಂಡು ಅತ್ತಳು. ಯಾವ ಜನ್ಮದ ಪಾಪವೋ! ಒಂದು ಗಳಿಗೆ, ಒಂದೇ ಒಂದು ಗಳಿಗೆ ಈ ಮಗು ಹೇಳಿದ ಮಾತು ಕೇಳಿ ನೆಟ್ಟಗೆ ಕೂತಿದ್ದರೆ ಸಾಕಿತ್ತಲ್ಲ.

ಕವಲಂದೆ ಇನ್ನೇನು ಬಂತು ಅನ್ನುವಾಗ ಮತ್ತೆ ಫೋನು. ಆಸ್ಪತ್ರೆಯ ನರ್ಸು.

"ಎಲ್ಲೋದ್ರವ್ವಾ? ಬಿಸ್ಕತ್ ಕೊಡ್ತೀನಿ ಬಾ ಅಂದ್ರೂ ನಿಮ್ ಮಗಳು ಬೆಂಚ್ ಬಿಟ್ಟು ಏಳ್ತಾ ಇಲ್ಲ. ಅವ್ವ ಬರೋಗಂಟ ಅಲ್ಲಾಡ್ಬ್ಯಾಡ ಅಂದವ್ಳೆ ಅಂತ ಕೂತಲ್ಲೇ ಕೂತದೆ."