ಡಿ ಡ್ರೈವಿನಲ್ಲಿ ಭದ್ರ

ಗೋದಾಮಿನ ಗುಮಾಸ್ತ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಮಾಮಾ, ನನ್ನ ಕಂಪ್ಯೂಟರಲ್ಲಿ ಡಿ ಡ್ರೈವೇ ಕಾಣಿಸ್ತಿಲ್ವಲ್ಲ, ಎಲ್ಲಿ ಹೋಯ್ತು?"

ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಫಾರ್ಮ್ಯಾಟ್ ಮಾಮ ಕೂತಲ್ಲೇ ಬೆಚ್ಚಿದ. ಬೆಳಗಿನಿಂದ ಅವನು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಹೊಸ ವ್ಯವಸ್ಥೆ ಬಂದ ಮೇಲೆ ಏಳುವ ಕೆಲಸವೇ ಇಲ್ಲ. ಇಲ್ಲಿಂದ ಒಂದು ಗುಂಡಿ ಒತ್ತಿದರೆ ಸಾಕು, ಇಡೀ ಆಫೀಸಿನ ಕಂಪ್ಯೂಟರುಗಳು ಡೆಸ್ಕ್‌ಟಾಪಿನಲ್ಲಿರುವುದನ್ನು ಕಂಪನಿಯ ದೊಡ್ಡ ಸರ್ವರಿಗೆ ಕಳಿಸಿ, ಮಿಕ್ಕಿದ್ದನ್ನೆಲ್ಲ ಅಳಿಸಿಕೊಂಡು, ಹೊಸದಾಗಿ ಎದ್ದು ಕೂರುತ್ತವೆ. ಇವತ್ತು ಆ ಗುಂಡಿ ಒತ್ತುವಾಗ, ಮಿಕ್ಕಿದ್ದರಲ್ಲಿ ಡಿ ಕೂಡ ಸೇರಿದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಹಿಂದೆ ಹೀಗಿರಲಿಲ್ಲ. ಡಿಸ್ಕುಗಳ ಚೀಲ ಹೆಗಲಿಗೇರಿಸಿ ಮೇಜಿಂದ ಮೇಜಿಗೆ ಅಲೆದು, ಹಳೆಯದನ್ನು ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಲು ಒಂದೊಂದರ ಮುಂದೆಯೂ ಅರ್ಧ ದಿನ ತಪಸ್ಸು ಮಾಡುತ್ತಿದ್ದ. ಆ ಹೆಸರು ಅಂಟಿಕೊಂಡದ್ದು ಆಗಲೇ. ಕಂಪ್ಯೂಟರಿನ ಜಾಗವನ್ನು ಸಿ, ಡಿ ಎಂದು ಎರಡು ಪಾಲು ಮಾಡಿ, ಅಳಿಸುವಾಗ ಸಿಯನ್ನು ಮಾತ್ರ ಅಳಿಸುತ್ತಿದ್ದ. "ಬೇಕಾದ್ದನ್ನೆಲ್ಲ ಡಿ ಡ್ರೈವಲ್ಲಿ ಇಟ್ಕೊಳ್ಳಿ, ಆಕಾಶ ಕಳಚಿ ಬಿದ್ರೂ ಅದಕ್ಕೇನೂ ಆಗಲ್ಲ" ಎಂದು ಕಂಡಕಂಡವರಿಗೆಲ್ಲ ಪಾಠ ಹೇಳಿದವನು ಅವನೇ.

ಗುಮಾಸ್ತನ ಹಳೆ ಹಾಡುಗಳು ಹೋದರೆ ಹಾಳಾಗಿ ಹೋಗಲಿ. ಬಿಲ್ಲಿಂಗ್ ಅಕ್ಕನದು? ಅವಳ ಗಂಡ ತೀರಿಕೊಳ್ಳುವ ಮೊದಲು, ಬಾಗಿಲ ಚಿಲಕ ರಿಪೇರಿ ಮಾಡುತ್ತಾ ಅವಳನ್ನು ರೇಗಿಸಿದ ಒಂದು ಪುಟ್ಟ ರೆಕಾರ್ಡಿಂಗ್ ಅವಳ ಹತ್ತಿರ ಇತ್ತು. ಹಳೆಯ ಫೋನು ಕೆಟ್ಟ ಮೇಲೆ ಆ ದನಿ ಉಳಿದದ್ದು ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ. ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿ, ತನ್ನಷ್ಟಕ್ಕೇ ನಕ್ಕು, ಮತ್ತೆ ಬಿಲ್ಲುಗಳಿಗೆ ಕೈ ಹಚ್ಚುತ್ತಿದ್ದಳು. ಕಣ್ಣೆದುರಿಗೇ ಇರಲಿ ಎಂದು ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದಳು ಅಲ್ಲವೇ? ಹೌದು, ಅವನೇ ನೋಡಿದ್ದ. ಹಾಗಾದರೆ ಭಯವಿಲ್ಲ. ಆದರೂ ಅವನ ಜೀವ ಒಂದು ಕಡೆ ನಿಲ್ಲಲಿಲ್ಲ.

ಫೋನ್ ಮಾಡಿದ, ಅವಳು ಎತ್ತಲಿಲ್ಲ. ಪರದೆ ನೋಡಿದ, ಅವಳ ಕಂಪ್ಯೂಟರಿನ ಹೆಸರಿನ ಮುಂದೆ ಹಸಿರು ಬಣ್ಣದಲ್ಲಿ 'ಮುಗಿಯಿತು' ಎಂದಿತ್ತು. ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ ಮೆಟ್ಟಿಲಿಳಿದು ಓಡಿದ.

ಅಕ್ಕ ಆಗಷ್ಟೇ ಊಟ ಮುಗಿಸಿ ಬಂದು, ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದ ಪರದೆಯ ಮುಂದೆ ಕೂತು ಹೆಡ್‌ಫೋನಿನ ಸಿಕ್ಕು ಬಿಡಿಸುತ್ತಿದ್ದಳು.

"ಅಕ್ಕಾ, ಆ ರೆಕಾರ್ಡಿಂಗು... ಡೆಸ್ಕ್‌ಟಾಪಲ್ಲೇ ಇತ್ತು ತಾನೇ?"

ಅವನ ಏದುಸಿರು ಕಂಡು ಅವಳಿಗೆ ನಗು ಬಂತು.

"ಅದಕ್ಕೆ ಹೀಗೆ ಎದ್ದೂ ಬಿದ್ದೂ ಓಡಿ ಬಂದ್ಯಾ? ಇವತ್ತು ಎಲ್ಲಾ ಅಳಿಸ್ತಾರೆ ಅಂತ ಗೊತ್ತಾದ ತಕ್ಷಣ ಅಲ್ಲಿಂದ ತೆಗೆದು ಡಿ ಡ್ರೈವಿಗೆ ಹಾಕಿಬಿಟ್ಟೆ. ನೀನು ಹೇಳಿಕೊಟ್ಟಿದ್ದನ್ನ ಮರೀತೀನೇನಪ್ಪಾ?" ಎಂದವಳೇ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡಳು.